ಗಿರಾಕಿ ಬೇಕಾಗಿದ್ದಾರೆ, ಕ್ಯಾಶ್ ಉಳ್ಳವರಿಗೆ ಆದ್ಯತೆ

ಬೆಂಗಳೂರಿನಲ್ಲಿ ರಸ್ತೆಯಲ್ಲಿ ಸಿಗುವ ಗಾಡಿ ಒಳ್ಳೆಯದಾ, ಆಪ್‌ನಲ್ಲಿ ಬುಕ್ ಮಾಡುವುದು ಒಳ್ಳೆಯದಾ ಅಂತ ಕೇಳುವವರು ಈ ಊರಿಗೆ ಹೊಸಬರು. ಇಲ್ಲಿ ನಾಲ್ಕು ಮಳೆಗಾಲ ಕಳೆದವರು ಆ ಪ್ರಶ್ನೆ ಕೇಳುವುದಿಲ್ಲ. ಗಾಡಿಯನ್ನು ನಾವು ಆರಿಸಿಕೊಳ್ಳುವುದಿಲ್ಲ ಸ್ವಾಮಿ, ಗಾಡಿ ನಮ್ಮನ್ನು ಆರಿಸಿಕೊಳ್ಳುತ್ತದೆ. ನಮ್ಮ ಕೆಲಸ ಇಷ್ಟೇ: ಅರ್ಜಿ ಹಾಕುವುದು, ರಸ್ತೆಬದಿ ನಿಲ್ಲುವುದು, ಸಂದರ್ಶನಕ್ಕೆ ಫೋನ್ ಬಂದರೆ ವಿನಯದಿಂದ ಮಾತಾಡುವುದು.

ಸರ್ಕಾರದ ಲೆಕ್ಕದಲ್ಲಿ ಎಲ್ಲವೂ ಬಹಳ ಸರಳ. 2025ರ ಆಗಸ್ಟ್ 1ರಿಂದ ಆಟೋಗೆ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರಾತ್ರಿ 10ರಿಂದ ಬೆಳಗಿನ 5ರ ತನಕ ಒಂದೂವರೆ ಪಟ್ಟು. ಕಾಯಿಸಿದರೆ ಮೊದಲ 5 ನಿಮಿಷ ಪುಕ್ಕಟೆ, ಮುಂದೆ ಪ್ರತಿ 15 ನಿಮಿಷಕ್ಕೆ 10 ರೂಪಾಯಿ. ಸಾಮಾನು ಇದ್ದರೆ 20 ಕೆಜಿ ತನಕ ದುಡ್ಡಿಲ್ಲ, ಅದರ ಮೇಲೆ ಪ್ರತಿ 20 ಕೆಜಿಗೆ 10 ರೂಪಾಯಿ, ಒಟ್ಟು 50 ಕೆಜಿ ದಾಟುವಂತಿಲ್ಲ. ಓದುತ್ತಿದ್ದರೆ ಮನಸ್ಸು ತಣ್ಣಗಾಗುತ್ತದೆ. ಎಷ್ಟು ಮುತುವರ್ಜಿ ನೋಡಿ! ಯಾರೋ ಅಧಿಕಾರಿ ಕೂತು, ಸೀಟಿನ ಹಿಂದೆ ತುರುಕುವ ಅಕ್ಕಿಮೂಟೆಯ ತನಕ ಯೋಚನೆ ಮಾಡಿದ್ದಾರೆ.

ದರ ಬದಲಾದ ಮೇಲೆ ಮೀಟರನ್ನೂ ತಿದ್ದಿಸಬೇಕು. ಕಾನೂನು ಮಾಪನಶಾಸ್ತ್ರ ಇಲಾಖೆಯವರು ಪರೀಕ್ಷೆ ಮಾಡಿ ಮುದ್ರೆ ಒತ್ತಬೇಕು. ಅದಕ್ಕೊಂದು ಗಡುವು, ಗಡುವಿಗೊಂದು ಕ್ಯೂ. ಅಣ್ಣಂದಿರು ಒಂದು ದಿನದ ದುಡಿಮೆ ಬಿಟ್ಟು, ದುಡ್ಡು ಕೊಟ್ಟು, ಮುದ್ರೆ ಒತ್ತಿಸಿಕೊಂಡು ಬರುತ್ತಾರೆ. ಮಾರನೇ ದಿನ ಅದೇ ಮೀಟರಿನ ಮೇಲೆ ಟವೆಲ್ ಒಣಗಹಾಕುತ್ತಾರೆ. ಅಪ್ಪಟ ಮೀಟರ್ ಅದು. ಒಂದು ಪೈಸೆ ಆಚೀಚೆ ಆಗಲ್ಲ. ಹಾಕಿದರೆ ತಾನೇ ಆಗುವುದು!

ಆಟೋದವರು ಮೀಟರ್ ಹಾಕಲ್ಲ ಅನ್ನುವುದು ಅಜ್ಜಂದಿರ ಕಾಲದ ದೂರು, ಅದನ್ನು ಬಿಡೋಣ. ಆಗ "ಮೀಟರ್ ಮೇಲೆ 20 ಕೊಡಿ" ಎನ್ನುತ್ತಿದ್ದರು. ಆ ಮಾತಿನಲ್ಲಿ ಕನಿಷ್ಠ ಮೀಟರ್ ಎಂಬುದು ಒಂದಿತ್ತು. ಈಗ ರಸ್ತೆಯಲ್ಲಿ ಖಾಲಿ ಆಟೋಗೆ ಕೈ ಅಡ್ಡ ಹಾಕಿ, ಜಯನಗರಕ್ಕೆ ಬರ್ತೀರಾ ಅಂತ ಕೇಳಿ ನೋಡಿ. ಅವರು ಮೀಟರಿನ ಕಡೆ ನೋಡುವುದೇ ಇಲ್ಲ. ನಿಮ್ಮ ಕೈಯಲ್ಲಿರುವ ಫೋನ್ ನೋಡುತ್ತಾರೆ.

"ಆಪಲ್ಲಿ ಎಷ್ಟು ತೋರಿಸ್ತಿದೆ ಸಾರ್?"

"ನೂರಾ ಎಂಬತ್ತು."

"ಇನ್ನೂರ ಇಪ್ಪತ್ತು ಕೊಡಿ, ಹತ್ತಿ."

"ಅಲ್ಲ ಅಣ್ಣ, ನೂರಾ ಎಂಬತ್ತು ಅಂತ ಇದೆಯಲ್ಲ?"

"ಹಂಗಾದ್ರೆ ಅದರಲ್ಲೇ ಬುಕ್ ಮಾಡ್ಕೊಳಿ."

ನೀವೂ ಹಟಕ್ಕೆ ಬಿದ್ದು ಬುಕ್ ಮಾಡುತ್ತೀರಿ. ಪರದೆಯ ಮೇಲೆ ಗಿರಗಿರ ಸುತ್ತುತ್ತದೆ. ಅಣ್ಣ ಹೋಗುವುದಿಲ್ಲ. ಎಂಜಿನ್ ಆಫ್ ಮಾಡಿ, ಕಾಲು ಆಚೆ ಚಾಚಿ, ಶಿಷ್ಯ ತಾನಾಗೇ ಕಲಿಯಲಿ ಎನ್ನುವ ಗುರುಗಳ ಹಾಗೆ ಕೂರುತ್ತಾರೆ. ಸ್ವಲ್ಪ ಹೊತ್ತಿಗೆ ಅವರ ಹ್ಯಾಂಡಲ್ ಪಕ್ಕದ ಫೋನ್ ಟಿಣ್ ಅನ್ನುತ್ತದೆ. ಬಗ್ಗಿ ನೋಡುತ್ತಾರೆ, ಆಮೇಲೆ ನಿಮ್ಮನ್ನು ನೋಡುತ್ತಾರೆ. "ನೀವೇನಾ?" ನೀವೇ. ಗಾಡಿ ಎರಡು ಅಡಿ ದೂರದಲ್ಲಿದೆ, ಆಪ್ ಮಾತ್ರ 4 ನಿಮಿಷದಲ್ಲಿ ಬರುತ್ತದೆ ಎನ್ನುತ್ತಿದೆ. ಅಣ್ಣ ಆ ಬುಕಿಂಗನ್ನು ಬೆರಳಿನಿಂದ ಆಚೆ ತಳ್ಳುತ್ತಾರೆ. ದರ ಈಗ ಇನ್ನೂರ ನಲವತ್ತು.

ಆಪ್‌ನಲ್ಲಿ ಗಾಡಿ ಸಿಕ್ಕೇಬಿಟ್ಟಿತು ಅನ್ನಿ. ಆಗ ಸಂದರ್ಶನ ಶುರು. ಮೊದಲ ಪ್ರಶ್ನೆ, "ಎಲ್ಲಿಗೆ ಸಾರ್?" ಎಲ್ಲಿಗೆ ಅಂತ ನೀವು ಟೈಪ್ ಮಾಡಿದ್ದೀರಿ, ಪಿನ್ ನೆಟ್ಟಿದ್ದೀರಿ, ಆಪ್ ಅದನ್ನು ಅವರಿಗೆ ತೋರಿಸಿಯೂ ಆಗಿದೆ. ಆದರೂ ಬಾಯಿಬಿಟ್ಟು ಹೇಳಬೇಕು. "ಕ್ಯಾಶಾ, ಆನ್‌ಲೈನಾ?" ಇಲ್ಲಿ ತಡವರಿಸಿದವರು ಅರ್ಧ ಫೇಲು. "ಎಷ್ಟು ತೋರಿಸ್ತಿದೆ?" ಅನ್ನುವುದಕ್ಕೆ ನಿಜ ಹೇಳಿದವರು ಪೂರ್ತಿ ಫೇಲು. ಕೊನೆಗೆ ಪ್ರಾಯೋಗಿಕ ಪರೀಕ್ಷೆ. "ಸಾರ್, ನೀವೇ ಸ್ವಲ್ಪ ರೋಡ್ ದಾಟಿ ಈ ಕಡೆ ಬಂದ್ಬಿಡಿ, ಯು ಟರ್ನ್ ದೂರ ಆಗುತ್ತೆ." ಔಟರ್ ರಿಂಗ್ ರೋಡಿನಲ್ಲಿ ಸ್ಕೈವಾಕ್ ಹುಡುಕಿ, ಹತ್ತಿ ಇಳಿದು, ಸೂಟ್‌ಕೇಸ್ ಎಳೆದುಕೊಂಡು ಗಾಡಿಯ ಹತ್ತಿರ ತಲುಪುವ ಹೊತ್ತಿಗೆ ಅರ್ಧ ಪ್ರಯಾಣ ಮುಗಿದೇ ಹೋಗಿರುತ್ತದೆ. ಬಾಡಿಗೆ ಮಾತ್ರ ಪೂರ್ತಿ.

ಪಾಸಾದಿರಿ ಅಂತ ಖುಷಿಪಡುವ ಹಾಗೂ ಇಲ್ಲ. "ಬಂದೆ ಸಾರ್, ಎರಡೇ ನಿಮಿಷ" ಎಂದ ಗಾಡಿ ಮ್ಯಾಪಿನಲ್ಲಿ ಟೀ ಅಂಗಡಿ ಮುಂದೆ ಬೇರುಬಿಟ್ಟು ನಿಂತಿರುತ್ತದೆ. ಆಮೇಲೆ ಅಲುಗಾಡುತ್ತದೆ, ನಿಮ್ಮ ಕಡೆಗಲ್ಲ. ಆಪ್ ಗಾಡಿಗಳಿಗೆ ಅಂತ 2025ರ ಜುಲೈನಲ್ಲಿ ಬಂದ ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಒಂದು ಮಾತಿದೆ: ಸರಿಯಾದ ಕಾರಣವಿಲ್ಲದೆ ಕ್ಯಾನ್ಸಲ್ ಮಾಡಿದವರಿಗೆ ಬಾಡಿಗೆಯ ಶೇ 10ರಷ್ಟು ದಂಡ, 100 ರೂಪಾಯಿ ಮೀರದಂತೆ. ಅದು ಚಾಲಕರಿಗೂ ಸರಿ, ಗಿರಾಕಿಗೂ ಸರಿ. ಒಳ್ಳೆಯ ನಿಯಮ. ಆದ್ದರಿಂದ ಯಾರೂ ಕ್ಯಾನ್ಸಲ್ ಮಾಡುವುದಿಲ್ಲ. "ಕ್ಯಾನ್ಸಲ್ ಮಾಡ್ಕೊಳಿ ಸಾರ್." "ನೀವೇ ಮಾಡಿ." "ನನ್ನ ಫೋನಲ್ಲಿ ಆಗ್ತಾ ಇಲ್ಲ, ನೀವೇ ಮಾಡಿ." ಇಬ್ಬರೂ ದೇವರಂಥ ತಾಳ್ಮೆಯಿಂದ ಕಾಯುತ್ತಾರೆ. ಕೊನೆಗೆ ಆಫೀಸಿಗೆ ಹೊತ್ತಾದವರು ಸೋಲುತ್ತಾರೆ. 'ಚಾಲಕರೇ ಕ್ಯಾನ್ಸಲ್ ಮಾಡಲು ಹೇಳಿದರು' ಅಂತ ಕಾರಣ ಒತ್ತಿದ ಕೂಡಲೇ ಆಪ್ ಬಹಳ ನೊಂದುಕೊಂಡು, ಬೇರೆ ಗಾಡಿ ಹುಡುಕಿ, ಅದೇ ಅಣ್ಣನನ್ನು ಮತ್ತೆ ಕಳಿಸುತ್ತದೆ.

ಹೀಗಾಗಬಾರದು ಅಂತಲೇ ಆಪ್‌ನವರು ಮುಂಗಡ ಟಿಪ್ಸ್ ಕಂಡುಹಿಡಿದರು. 10 ಸೇರಿಸಿ, 20 ಸೇರಿಸಿ, ಗಾಡಿ ಬೇಗ ಸಿಗಬಹುದು. 'ಬಹುದು' ಅಷ್ಟೇ. ಕೈ ಬಿಸಿ ಮಾಡುವ ವಿದ್ಯೆಗೆ ಮೊದಲು ತಾಲ್ಲೂಕು ಕಚೇರಿಯ ತನಕ ನಡೆಯಬೇಕಿತ್ತು, ಈಗ ಬೆರಳ ತುದಿಗೆ ಬಂದಿದೆ. 2025ರ ಮೇ ತಿಂಗಳಲ್ಲಿ ನಮ್ಮ ಧಾರವಾಡದ ಸಂಸದರೂ ಕೇಂದ್ರದ ಗ್ರಾಹಕ ವ್ಯವಹಾರಗಳ ಸಚಿವರೂ ಆದ ಪ್ರಲ್ಹಾದ ಜೋಶಿ ಅವರು, ಸೇವೆಗೆ ಮೊದಲೇ ಟಿಪ್ಸ್ ಕೇಳುವುದು ಸರಿಯಲ್ಲ ಎಂದರು. ಗ್ರಾಹಕ ರಕ್ಷಣಾ ಪ್ರಾಧಿಕಾರದಿಂದ ನೋಟಿಸೂ ಹೋಯಿತು. ಅದೇ ವರ್ಷ ಜನವರಿಯಲ್ಲಿ ಇನ್ನೊಂದು ನೋಟಿಸು ಹೋಗಿತ್ತು: ಐಫೋನ್‌ನಲ್ಲಿ ಒಂದು ದರ, ಆಂಡ್ರಾಯ್ಡ್‌ನಲ್ಲಿ ಒಂದು ದರ ತೋರಿಸುತ್ತೀರಂತಲ್ಲ, ಹೌದಾ? ಛೇ, ಹಾಗೇನೂ ಇಲ್ಲ ಎಂದರು ಕಂಪನಿಗಳು. ಆಮೇಲಿಂದ ಬುಕ್ ಮಾಡುವ ಮೊದಲು ಮನೆಯಲ್ಲಿರುವ ಫೋನ್‌ಗಳನ್ನೆಲ್ಲ ಸಾಲಾಗಿ ಇಟ್ಟು ನೋಡುವ ಪದ್ಧತಿ ಶುರುವಾಗಿದೆ. ಹಳೆಯ ಫೋನ್ ಇಟ್ಟುಕೊಂಡ ಅತ್ತೆಗೆ ಮನೆಯಲ್ಲಿ ಮರ್ಯಾದೆ ಜಾಸ್ತಿಯಾಗಿದೆ.

ಫೋನಿನ ಬೆಲೆ ಬರೀ ಅನುಮಾನ. ಕಾರಿನ ಬೆಲೆ ಮಾತ್ರ ಸರ್ಕಾರಿ ಆದೇಶ. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸಿಟಿ ಟ್ಯಾಕ್ಸಿಗೂ ಆಪ್ ಟ್ಯಾಕ್ಸಿಗೂ ಒಂದೇ ದರ ಎಂದಿತು. ಒಂದೇ ದರ ಅಂದರೆ ಮೂರು ದರ. ಕಾರಿನ ಬೆಲೆ 10 ಲಕ್ಷದೊಳಗಿದ್ದರೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ಆಮೇಲೆ ಕಿಲೋಮೀಟರಿಗೆ 24. 10ರಿಂದ 15 ಲಕ್ಷದ ಕಾರಾದರೆ 115, ಆಮೇಲೆ 28. 15 ಲಕ್ಷ ದಾಟಿದರೆ 130, ಆಮೇಲೆ 32. ಅಂದರೆ 10 ಕಿಲೋಮೀಟರಿಗೆ 244 ರೂಪಾಯಿಯೂ ಸರಿ, 322 ರೂಪಾಯಿಯೂ ಸರಿ. ಯಾವುದು ಸರಿ ಅಂತ ತಿಳಿಯಬೇಕಾದರೆ ಹತ್ತುವ ಮೊದಲು, "ಅಣ್ಣ, ಈ ಕಾರು ಎಷ್ಟಕ್ಕೆ ತಗೊಂಡ್ರಿ?" ಅಂತ ಕೇಳಬೇಕು. ಕೇಳಿ ನೋಡಿ. ಅವರು ಲೋನ್ ಕಂತಿನಿಂದ ಶುರುಮಾಡಿ ಮಗಳ ಸ್ಕೂಲ್ ಫೀಸಿನ ತನಕ ಹೇಳಿ ಮುಗಿಸುವ ಹೊತ್ತಿಗೆ ನಿಮ್ಮ ಮನೆ ಬಂದಿರುತ್ತದೆ. ಅಷ್ಟೆಲ್ಲ ಕೇಳಿದ ಮೇಲೆ ಚೌಕಾಸಿ ಮಾಡಲು ಯಾರಿಗೆ ಬಾಯಿ ಬರುತ್ತದೆ?

ಆ ಆದೇಶದಲ್ಲಿ ಬೇಡಿಕೆ ಜಾಸ್ತಿಯಾಯಿತು ಅಂತ ದರ ಏರಿಸುವ ಹಾಗಿಲ್ಲ. ಕೇಂದ್ರದ ಮಾರ್ಗಸೂಚಿಯಲ್ಲಿ ಮೂಲ ದರದ ಎರಡು ಪಟ್ಟಿನ ತನಕ ಏರಿಸಬಹುದು. ವಿಧಾನಸೌಧ ಒಂದು ಹೇಳಿತು, ದೆಹಲಿ ಒಂದು ಹೇಳಿತು. ಆಪ್ ಎರಡನ್ನೂ ಗೌರವದಿಂದ ಕೇಳಿಸಿಕೊಂಡು, ಮೋಡ ಯಾವ ಕಡೆ ಇದೆ ಅಂತ ನೋಡುತ್ತದೆ. ಹನಿ ಬಿದ್ದರೆ ದೆಹಲಿ.

ಚಾಲಕರದೇನೂ ಸುಖದ ಬಾಳಲ್ಲ, ಅದನ್ನೂ ಹೇಳಬೇಕು. ಕಮಿಷನ್ ಹೆಸರಲ್ಲಿ ದುಡಿಮೆಯ ಒಂದು ಪಾಲು ಆಪ್‌ಗೆ ಹೋಗುತ್ತಿದ್ದಾಗ ರೇಗಿದ ಆಟೋ ಚಾಲಕರ ಸಂಘದವರೇ 2022ರಲ್ಲಿ 'ನಮ್ಮ ಯಾತ್ರಿ' ಎಂಬ ಆಪ್ ಬರಲು ಕೈಜೋಡಿಸಿದರು. ಕಮಿಷನ್ ಇಲ್ಲ, ದಿನಕ್ಕೆ 25 ರೂಪಾಯಿ ಕಟ್ಟಿದರೆ ಆಯಿತು. ಆ ದಾರಿ ಉಳಿದವರಿಗೂ ಹಿಡಿಸಿತು. 2025ರಲ್ಲಿ ಊಬರ್ ಕೂಡ ಆಟೋಗಳಿಗೆ ಕಮಿಷನ್ ಬಿಟ್ಟು ದಿನದ ಶುಲ್ಕಕ್ಕೆ ಬಂತು. ಬರುವಾಗ ಒಂದು ಮಾತನ್ನೂ ಸೇರಿಸಿತು: ನಾವು ತೋರಿಸುವುದು ಸಲಹೆ ಮಾತ್ರ, ಬಾಡಿಗೆ ನೀವು ನೀವೇ ಮಾತಾಡಿಕೊಳ್ಳಿ. 2013ರಲ್ಲಿ ಊಬರ್ ಭಾರತಕ್ಕೆ ಮೊದಲು ಕಾಲಿಟ್ಟಿದ್ದು ಇದೇ ಬೆಂಗಳೂರಿನಲ್ಲಿ. ಉಪಗ್ರಹ, ಮ್ಯಾಪು, ಹನ್ನೆರಡು ವರ್ಷದ ಎಂಜಿನಿಯರಿಂಗು, ಎಲ್ಲ ಸೇರಿ ಕೊನೆಗೆ ಹೇಳಿದ್ದು, "ಮಾತಾಡಿಕೊಳ್ಳಿ." ಅದನ್ನು ನಾವು ಮೆಜೆಸ್ಟಿಕ್‌ನಲ್ಲಿ ಪುಕ್ಕಟೆಯಾಗಿ ಮಾಡುತ್ತಿದ್ದೆವಲ್ಲ!

ಮೆಟ್ರೋ ಇದೆಯಲ್ಲ ಎನ್ನುವವರಿದ್ದಾರೆ. ಇದೆ. ಸ್ಟೇಷನ್‌ನಿಂದ ಮನೆಗೆ ಆಟೋ ಬೇಕು.

ಇಷ್ಟೆಲ್ಲ ಆಟ ಸಾಕೆನಿಸಿದವರು ಬೈಕ್ ಹತ್ತುತ್ತಿದ್ದರು. ಅಗ್ಗ, ಸಂದಿಯಲ್ಲೂ ನುಗ್ಗುತ್ತದೆ. ಸರ್ಕಾರವೂ 2021ರಲ್ಲಿ ಎಲೆಕ್ಟ್ರಿಕ್ ಬೈಕ್ ಟ್ಯಾಕ್ಸಿಗೆ ಯೋಜನೆ ತಂದಿತ್ತು, 2024ರ ಮಾರ್ಚಿನಲ್ಲಿ ತಾನೇ ವಾಪಸ್ ತೆಗೆದುಕೊಂಡಿತು. 2025ರ ಏಪ್ರಿಲ್‌ನಲ್ಲಿ ಹೈಕೋರ್ಟ್, ನಿಯಮ ಮಾಡುವ ತನಕ ಬೈಕ್ ಟ್ಯಾಕ್ಸಿ ಓಡಿಸಬೇಡಿ ಎಂದಿತು. ಜೂನ್ 16ರಿಂದ ಬಂದ್. ಆಪ್ ತೆರೆದರೆ ಬೈಕ್ ಇದ್ದ ಜಾಗದಲ್ಲಿ ಒಂದರಲ್ಲಿ 'ಬೈಕ್ ಪಾರ್ಸೆಲ್', ಇನ್ನೊಂದರಲ್ಲಿ 'ಮೋಟೋ ಕೊರಿಯರ್'. ಬೈಕಿನಲ್ಲಿ ಮನುಷ್ಯರನ್ನು ಬಾಡಿಗೆಗೆ ಕೂರಿಸಬಾರದು, ಸರಿ. ಪಾರ್ಸೆಲ್ ಕೂರಿಸಬಾರದು ಅಂತ ಯಾರೂ ಹೇಳಿರಲಿಲ್ಲ.

ಬೆಂಗಳೂರಿನ ಜನ ಬುದ್ಧಿವಂತರು. ಮನುಷ್ಯರಾಗಿ ಮಲಗಿದವರು ಬೆಳಿಗ್ಗೆ ಎದ್ದು ಪಾರ್ಸೆಲ್ ಆದರು. ಕಳಿಸುವವರು ಯಾರು? ನಾನು. ತಲುಪಿಸಬೇಕಾದ್ದು ಯಾರಿಗೆ? ನನಗೆ. ಒಳಗೇನಿದೆ? ಬೆಳಗಿನ ಉಪ್ಪಿಟ್ಟು. ಪಾರ್ಸೆಲ್ ತನ್ನ ಓಟಿಪಿ ತಾನೇ ಹೇಳಿತು. ಹೆಲ್ಮೆಟ್ ತಾನೇ ಹಾಕಿಕೊಂಡಿತು. ರಸ್ತೆಗುಂಡಿ ಬಂದಾಗ "ನಿಧಾನ ಕಣ್ರೀ, ಸೊಂಟ" ಎಂದಿತು. ಸಿಗ್ನಲ್‌ನಲ್ಲಿ ಪಕ್ಕದ ಬೈಕಿನ ಪಾರ್ಸೆಲ್ ಪರಿಚಯದವರಾಗಿದ್ದರೆ, ಆರಾಮಾ ಅಂತ ವಿಚಾರಿಸಿತು. ಪೊಲೀಸರು ಅಡ್ಡ ಹಾಕಿದಲ್ಲಿ ಮಾತ್ರ ಪಾರ್ಸೆಲ್ ಮತ್ತೆ ಮನುಷ್ಯರಾಗಿ, "ಇವನು ನಮ್ಮ ಚಿಕ್ಕಪ್ಪನ ಮಗ ಸಾರ್" ಎಂದಿತು. ಚಿಕ್ಕಪ್ಪನ ಮಗ ಮಂಡ್ಯದವನು, ಪಾರ್ಸೆಲ್ ಬಿಹಾರದ್ದು. ಒಡಹುಟ್ಟಿದವರ ನಡುವೆ ಕೂಡ ಅಷ್ಟು ಅನ್ಯೋನ್ಯತೆ ಇರುವುದಿಲ್ಲ. ಆಗಸ್ಟ್ ಹೊತ್ತಿಗೆ ಆಪ್‌ಗಳಲ್ಲಿ ಬೈಕ್ ಟ್ಯಾಕ್ಸಿ ಮತ್ತೆ ಕಾಣಿಸಿತು. ಪಾರ್ಸೆಲ್‌ಗಳೆಲ್ಲ ಸದ್ದಿಲ್ಲದೆ ಮನುಷ್ಯರಾದರು, ಒಂದು ಕಾಗದಪತ್ರವೂ ಇಲ್ಲದೆ. ಜಾತಿ ಪ್ರಮಾಣಪತ್ರಕ್ಕೆ ಇದಕ್ಕಿಂತ ಜಾಸ್ತಿ ಓಡಾಡಿಸುತ್ತಾರೆ.

ಈ ಪಾರ್ಸೆಲ್ ದಾರಿಯನ್ನು ಬೈಕಿನವರಿಗೇ ಬಿಟ್ಟಿದ್ದು ತಪ್ಪು ಅಂತ ನನಗೆ ಅನಿಸುತ್ತದೆ. ಆಟೋ ಆದೇಶವನ್ನು ಇನ್ನೊಮ್ಮೆ ಓದಿ. ಸಾಮಾನು 20 ಕೆಜಿ ತನಕ ಪುಕ್ಕಟೆ, ಅದರ ಮೇಲೆ 20 ಕೆಜಿಗೆ ಬರೀ 10 ರೂಪಾಯಿ. ಎಷ್ಟು ದೂರ ಅಂತ ಕೇಳುವುದೇ ಇಲ್ಲ! ನಾಲ್ಕು ಜನ ಸೇರಿದರೆ ಒಬ್ಬರು ಗಿರಾಕಿಯಾಗಲಿ, ಉಳಿದವರು ಸಾಮಾನಾಗಲಿ. ಆಗ ಚೌಕಾಸಿಗೆ ಒಬ್ಬರೇ ಸಾಕು, ಸಾಮಾನಿನ ಬಾಯಿ ಮುಚ್ಚಿರುತ್ತದೆ. ತೊಡಕೆಂದರೆ ಆ 50 ಕೆಜಿ ಮಿತಿ. ಈ ಊರಿನ ಬೆಣ್ಣೆ ದೋಸೆ ತಿಂದು ಬೆಳೆದವರಲ್ಲಿ ಅದರೊಳಗೆ ಬರುವವರು ಕಡಿಮೆ. ಸಾರಿಗೆ ಇಲಾಖೆಯವರು ಮಿತಿಯನ್ನು 80 ಕೆಜಿಗಾದರೂ ಏರಿಸಬೇಕು, ಹಬ್ಬದ ತಿಂಗಳುಗಳಲ್ಲಿ ಇನ್ನೊಂದು ಐದು ಕೆಜಿ ವಿನಾಯಿತಿ ಕೊಡಬೇಕು. ತೂಕದ ಯಂತ್ರ ಎಲ್ಲಿಡುವುದು ಅಂತ ಆಟೋದವರು ತಕರಾರು ತೆಗೆಯಬಹುದು. ಮೀಟರಿನ ಜಾಗ ಇದೆಯಲ್ಲ ಅಣ್ಣ, ಟವೆಲ್ ಸ್ವಲ್ಪ ಸರಿಸಿ.