ಹತ್ತು ನಿಮಿಷದ ಪದವಿ

ಪಿಯುಸಿ ರಿಸಲ್ಟ್ ಬಂದರೆ ಸಾಕು, ನಮ್ಮ ಮಂಗಳೂರಿನಲ್ಲಿ ಮಳೆಗಿಂತ ಮೊದಲು ಫ್ಲೆಕ್ಸ್ ಬರುತ್ತದೆ. ಈ ಸಲ ಜಾಸ್ತಿ ಕಂಡದ್ದು ಆಸ್ಪತ್ರೆ ಆಡಳಿತದ ಬಿಬಿಎ. ನೀಟ್‌ನಲ್ಲಿ ಬಿಳಿ ಕೋಟು ತಪ್ಪಿತಾ? ಚಿಂತೆ ಬೇಡ, ನೀಲಿ ಕೋಟು ಉಂಟು, ಜೊತೆಗೆ ಟೈ. ಒಳ್ಳೆಯದೇ. ಇಷ್ಟೊಂದು ಆಸ್ಪತ್ರೆ ಇರುವ ಊರು, ನಡೆಸಲಿಕ್ಕೆ ಜನ ಬೇಡವಾ? 1880ರಲ್ಲಿ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡಲು ಶುರು ಮಾಡಿದಾಗ ಈ ಡಿಗ್ರಿ ಇರಲಿಲ್ಲ. ಪಾಪ, ಹೇಗೆ ಸುಧಾರಿಸಿದರೋ.

ನನ್ನ ಅಕ್ಕನ ಮಗಳು ಈ ಕೋರ್ಸಿನ ಮೂರನೇ ವರ್ಷದಲ್ಲಿದ್ದಾಳೆ. ಅವಳಿಗೆ ಆಪರೇಷನ್ಸ್ ರಿಸರ್ಚ್ ಅಂತ ಒಂದು ಪೇಪರ್ ಉಂಟು. ಕ್ಯೂ ಹೇಗೆ ಕರಗಿಸುವುದು ಅನ್ನುವಂಥ ಲೆಕ್ಕಗಳು ಅದರಲ್ಲಿ. ಆದರೆ ಆಪರೇಷನ್ ಅನ್ನುವ ಶಬ್ದ ಕಿವಿಗೆ ಬಿದ್ದದ್ದೇ ತಡ, ಪಕ್ಕದ ಮನೆಯ ದೊಡ್ಡಮ್ಮ ಬಂದು ಮಂಡಿ ಮುಂದೆ ಮಾಡಿ, "ಇದಕ್ಕೆ ಆಪರೇಷನ್ ಬೇಕಾ ಮಗಾ, ಒಮ್ಮೆ ನೋಡು" ಅಂತ ಕೂತೇಬಿಟ್ಟರು. ಹುಡುಗಿ ಮರ್ಯಾದೆಗೆ ನೋಡಿದಳು. "ಬಿಸಿನೀರಿನ ಶಾಖ ಕೊಡಿ" ಅಂದಳು. ಈಗ ನೋವು ಕಡಿಮೆಯಂತೆ. ಆ ಡಿಗ್ರಿಯಿಂದ ಊರಿಗೆ ಆದ ಉಪಕಾರ ಸದ್ಯಕ್ಕೆ ಇದೊಂದೇ.

ಪಾಠ ಮಾತ್ರ ಗಟ್ಟಿ, ಸುಳ್ಳು ಹೇಳಬಾರದು. 2016ರ ನಿಯಮದ ಪ್ರಕಾರ ಆಸ್ಪತ್ರೆಯ ಕಸ ಹಳದಿ, ಕೆಂಪು, ಬಿಳಿ, ನೀಲಿ ಅಂತ ನಾಲ್ಕು ಬಣ್ಣದಲ್ಲಿ ಬೇರೆಯಾಗಬೇಕು. ಸೂಜಿ ಬಿಳಿಗೆ, ಗಾಜು ನೀಲಿಗೆ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ. ಬೆಳಿಗ್ಗೆ ಹತ್ತಕ್ಕೆ "ಇನ್ನು ಮನೆಗೆ ಹೋಗಬಹುದು" ಅನ್ನಿಸಿಕೊಂಡು ಸಂಜೆಯವರೆಗೆ ಬೆಂಚಿನಲ್ಲೇ ಕೂತವನನ್ನು ಯಾವ ಬಣ್ಣದ ಡಬ್ಬಿಗೆ ಹಾಕಬೇಕು ಅನ್ನುವುದು ಸಿಲೆಬಸ್‌ನಲ್ಲಿ ಇಲ್ಲ.

ಹೋದ ತಿಂಗಳು ಹಾಗೆ ಕೂತವನು ನಾನು. ಅಮ್ಮ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ಮಂಚದ ತುದಿಯಲ್ಲಿ ತಯಾರು. ಫೈಲು ವಾರ್ಡಿನಿಂದ ಫಾರ್ಮಸಿಗೆ, ಅಲ್ಲಿಂದ ಲ್ಯಾಬಿಗೆ, ಬಿಲ್ಲಿಂಗಿಗೆ, ಒಂದು ಸಹಿ ಬಿಟ್ಟುಹೋಯಿತು ಅಂತ ಮತ್ತೆ ವಾರ್ಡಿಗೆ. ಎರಡು ಗಂಟೆಗೆ ಡ್ಯೂಟಿ ಬದಲಾಯಿತು, ಫೈಲು ಮಾಯ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಪರ್ಯಾಯ ಆಗುತ್ತದಲ್ವಾ, ಅಕ್ಷಯ ಪಾತ್ರೆ, ಸಟ್ಟುಗ, ಬೀಗದ ಕೈ ಎಲ್ಲ ನಸುಕಿನಲ್ಲಿ ಒಂದು ಮಠದಿಂದ ಇನ್ನೊಂದಕ್ಕೆ ಹೋಗಿ, ಮಧ್ಯಾಹ್ನ ಸಾವಿರಾರು ಜನರ ಊಟ ಮುಗಿದಿರುತ್ತದೆ. ಸಟ್ಟುಗ ಎಲ್ಲಿಟ್ಟೆವು ಅಂತ ಯಾರಾದರೂ ಹುಡುಕಿದ್ದು ಕೇಳಿದ್ದೀರಾ? ಊಟ ಅಂದಾಗ ನೆನಪಾಯಿತು, ಆ ಆಸ್ಪತ್ರೆಯ ಕ್ಯಾಂಟೀನಿನ ಗೋಳಿಬಜೆ ಬಹಳ ಚೆನ್ನಾಗಿತ್ತು. ಎರಡು ಪ್ಲೇಟ್ ತಿಂದೆ. ಕೇಳಿದ ಕೂಡಲೇ ಕೈಗೆ ಸಿಕ್ಕಿದ್ದು ಅಲ್ಲಿ ಅದೊಂದೇ.

ನಾನೂ ಸುಮ್ನೆ ಕೂರಲಿಲ್ಲ ಮಾರಾಯ್ರೆ. ಕ್ಯಾಶ್‌ಲೆಸ್, ಅಂದರೆ ಬಿಲ್ಲನ್ನು ವಿಮಾ ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟುವುದಾದರೆ, ಡಿಸ್ಚಾರ್ಜಿಗೆ ಕಂಪನಿ ಮೂರು ಗಂಟೆಯೊಳಗೆ ಒಪ್ಪಿಗೆ ಕೊಡಬೇಕು ಅಂತ ವಿಮೆಯ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2024ರಲ್ಲೇ ಹೇಳಿದೆ. ವಾಚು ತೋರಿಸಿ ಕಾನೂನು ಮಾತಾಡಿದೆ. ಆ ಮೂರು ಗಂಟೆ ಶುರುವಾಗುವುದು ಆಸ್ಪತ್ರೆಯಿಂದ ಕೋರಿಕೆ ಹೋದ ಮೇಲೆ. ಕೋರಿಕೆ ಇನ್ನೂ ಹೋಗಿರಲಿಲ್ಲ.

ಕೌಂಟರಿನಲ್ಲಿ ಇದ್ದದ್ದು ನೀಲಿ ಕೋಟಿನ ಹುಡುಗಿ, ಇದೇ ಡಿಗ್ರಿ ಮುಗಿಸಿದವಳು. "ಹತ್ತು ನಿಮಿಷ ಸರ್" ಅಂತ ಐದು ಸಲ ಅಂದಳು. ಆರನೇ ಸಲ ಬೈಯೋಣ ಅಂತ ಎದ್ದೆ. ಅವಳ ಬುತ್ತಿ ಮೇಜಿನ ಕೆಳಗೆ ಮುಚ್ಚಿದಂತೇ ಇತ್ತು, ಗಂಟೆ ಮೂರೂವರೆ. ಕ್ಯೂ ಕರಗಿಸುವುದು ಹೇಗೆ ಅಂತ ಮೂರು ವರ್ಷ ಕಲಿಸಿ, ಈಗ ಕ್ಯೂನ ಬೈಗುಳ ತಿನ್ನಲು ನಿಲ್ಲಿಸಿದ್ದಾರೆ. ತಡ ಎಲ್ಲಿ ಆಗುತ್ತದೆ ಅಂತ ಅವಳಿಗೆ ಚೆನ್ನಾಗಿ ಗೊತ್ತು. ಬಿಲ್ಲಿಂಗಿಗೆ ಇನ್ನೊಬ್ಬರನ್ನು ಹಾಕಿ ಅಂದರೆ ಕೇಳುವವರು ಯಾರು? ಫೀಸು ಕಟ್ಟಿಸಿಕೊಳ್ಳುವಾಗ ಮ್ಯಾನೇಜರ್, ಸಂಬಳದ ದಿನ ಟ್ರೈನಿ. ಸ್ವಲ್ಪ ನಾಚಿಕೆ ಬೇಡವಾ ಇವರಿಗೆ? ನಾನು ವಾಪಸ್ ಬಂದು ಕೂತೆ.

ಅಷ್ಟರಲ್ಲಿ ಅಕ್ಕನ ಮಗಳ ಫೋನ್. "ಮಾವ, ಇನ್ನೂ ಅಲ್ಲೇ ಇದ್ದೀರಾ? ನನ್ನ ಪ್ರಾಜೆಕ್ಟ್ ಡಿಸ್ಚಾರ್ಜ್ ತಡದ ಮೇಲೆಯೇ. ಟೈಮ್ ಎಲ್ಲ ಬರೆದಿಡಿ, ಆಯ್ತಾ?" ಬಹಳ ಖುಷಿಯಲ್ಲಿದ್ದಳು.

ಐದೂಕಾಲಿಗೆ ಹೊರಗೆ ಬಂದೆವು. ಗೇಟಿನಲ್ಲಿ ಪಾರ್ಕಿಂಗಿನವನು ಚೀಟಿ ನೋಡಿ ಗಂಟೆ ಲೆಕ್ಕದಲ್ಲಿ ದುಡ್ಡು ಕೇಳಿದ. ಅವನ ಲೆಕ್ಕ ಒಂದು ನಿಮಿಷವೂ ತಪ್ಪಿರಲಿಲ್ಲ.