ಶಾಸಕರಾಗಲು ಉದ್ಯಮಿ ಕಂಪನಿ ಬಿಡಬೇಕೇ?

ಚುನಾವಣೆ ಹತ್ತಿರವಾದಾಗಲೆಲ್ಲ ಬೆಂಗಳೂರಿನ ವಾಟ್ಸ್ಯಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತದೆ: ಕಂಪನಿ ಇಟ್ಟುಕೊಂಡವರು ವಿಧಾನಸಭೆಗೆ ನಿಲ್ಲುವಂತಿಲ್ಲವಂತೆ. ಇದು ಸರಿಯಲ್ಲ. ಆದರೆ ನಂಬುವವರನ್ನು ದೂರುವಂತಿಲ್ಲ, ಕಾನೂನಿನಲ್ಲಿ ಇದನ್ನು ಹೋಲುವ ನಿರ್ಬಂಧವೊಂದು ಇದ್ದೇ ಇದೆ.

1951ರ ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಕಲಂ ತಡೆಯುವುದು ಉದ್ಯಮವನ್ನಲ್ಲ, ಸರ್ಕಾರದೊಂದಿಗಿನ ಚಾಲ್ತಿ ಗುತ್ತಿಗೆಯನ್ನು. ಪೀಣ್ಯದಲ್ಲಿ ಸ್ವಂತ ಹೆಸರಿನಲ್ಲಿ ಕಾರ್ಖಾನೆ ನಡೆಸುವವರೊಬ್ಬರು ರಾಜ್ಯ ಸರ್ಕಾರಕ್ಕೆ ಪೈಪ್ ಪೂರೈಸಲು ಒಪ್ಪಂದ ಮಾಡಿಕೊಂಡಿದ್ದಾರೆ ಎನ್ನಿ. ಸರಕು ಕೊಡುವುದು ಇನ್ನೂ ಬಾಕಿಯಿದ್ದರೆ ಅವರು ಅನರ್ಹರು. ಎಲ್ಲ ಪೈಪ್ ಕೊಟ್ಟಾಗಿ, ಬಿಲ್ ಹಣ ಮಾತ್ರ ಬರಬೇಕಿದ್ದರೆ ಅಡ್ಡಿಯಿಲ್ಲ. ಅದೇ ಕಲಂನ ವಿವರಣೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲೇ.

ಮಂತ್ರಿಯಾದರೆ? ಮಂತ್ರಿಗಳ ನೀತಿ ಸಂಹಿತೆಯಂತೆ ವ್ಯವಹಾರದ ಆಡಳಿತದಿಂದ ದೂರ ಸರಿಯಬೇಕು, ಸಾಮಾನ್ಯವಾಗಿ ಮಾಲೀಕತ್ವ ಬಿಡಬೇಕಿಲ್ಲ.

ಪರೀಕ್ಷಿಸುವುದು ಸುಲಭ. ಸಂದೇಶದಲ್ಲಿ ಕಾಯ್ದೆಯ ಹೆಸರು, ಕಲಂ ಸಂಖ್ಯೆ ಇದೆಯೇ ನೋಡಿ. ಇದ್ದರೆ ಇಂಡಿಯಾ ಕೋಡ್ ಜಾಲತಾಣದಲ್ಲಿ ಮೂಲ ಪಠ್ಯ ಓದಿ. ಅಭ್ಯರ್ಥಿಯ ಬಗ್ಗೆಯಾದರೆ, ಚುನಾವಣಾ ಆಯೋಗದ ಜಾಲತಾಣದಲ್ಲಿ ನಾಮಪತ್ರದ ಜೊತೆ ಅವರು ಸಲ್ಲಿಸಿದ ನಮೂನೆ 26ರ ಪ್ರಮಾಣಪತ್ರ ತೆರೆಯಿರಿ. ಆಸ್ತಿ, ಸಾಲ, ಆದಾಯದ ಮೂಲದ ಜೊತೆಗೆ ಸರ್ಕಾರಿ ಗುತ್ತಿಗೆಗಳ ವಿವರವನ್ನೂ ಅಲ್ಲಿ ಬರೆದಿರಲೇಬೇಕು.