ಶಾಲು ಆಮೇಲೆ ಹೊದಿಸೋಣ

ನ್ಯೂ ಆರ್ಲಿಯನ್ಸ್‌ನ ಪಿಯಾನೊ ಮೇಷ್ಟ್ರು ಎಲ್ಲಿಸ್ ಮಾರ್ಸಾಲಿಸ್ ವಿಶ್ವವಿದ್ಯಾಲಯದ ಪಾಠದಿಂದ ನಿವೃತ್ತರಾದಾಗ, 2001ರ ಆಗಸ್ಟ್ 4ರಂದು, ಅಲ್ಲಿನ ಲೇಕ್‌ಫ್ರಂಟ್ ಅರೀನಾದಲ್ಲಿ ಅವರಿಗಾಗಿ ಒಂದು ಜಾಝ್ ಕಛೇರಿ ನಡೆಯಿತು. ಅದರ ಧ್ವನಿಮುದ್ರಣವನ್ನು ಹ್ಯೂಸ್ಟನ್ನಿನ ಮನೆಯಲ್ಲಿ ಕೂತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪಿಯಾನೊ ಮುಂದೆ ಅರವತ್ತಾರರ ಅಪ್ಪ. ಜೊತೆಗೆ ನಾಲ್ವರು ಮಕ್ಕಳು: ಸ್ಯಾಕ್ಸೊಫೋನಿಗೆ ಬ್ರ್ಯಾನ್‌ಫರ್ಡ್, ಟ್ರಂಪೆಟ್ಟಿಗೆ ವಿಂಟನ್, ಟ್ರೊಂಬೋನಿಗೆ ಡೆಲ್ಫಿಯೊ, ಡ್ರಮ್ಸ್‌ಗೆ ಜೇಸನ್. ವಿಂಟನ್ ಅಷ್ಟರಲ್ಲಿ ಸಂಗೀತಕ್ಕಾಗಿ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಪಡೆದಾಗಿತ್ತು. 1997ರ ಆ ಪ್ರಶಸ್ತಿ ಜಾಝ್ ಕೃತಿಯೊಂದಕ್ಕೆ ಸಂದದ್ದು ಅದೇ ಮೊದಲು. ಅಂಥ ಮಗ ಆ ಸಂಜೆ ಅಪ್ಪ ಕಟ್ಟಿದ ಧಾಟಿಗಳನ್ನು ಅಪ್ಪನ ಪಕ್ಕದಲ್ಲೇ ನಿಂತು ನುಡಿಸಿದರು. ಗೌರವ ಯಾರಿಗೋ, ಕಛೇರಿಯೂ ಅವರದೇ.

ನಾನು ಧಾರವಾಡದಲ್ಲಿ ಬೆಳೆದವನು. ಸಂಗೀತಗಾರರ ಸನ್ಮಾನಗಳನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಎತ್ತರದ ಕುರ್ಚಿ, ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಸ್ವಾಗತ, ಪ್ರಾಸ್ತಾವಿಕ, ಅಭಿನಂದನಾ ನುಡಿ, ಅಧ್ಯಕ್ಷೀಯ ಭಾಷಣ. ಕೊನೆಗೆ ಹಿರಿಯರಿಗೆ ಹದಿನೈದು ನಿಮಿಷ, ಒಂದು ವಚನ. ಕಡಲಾಚೆಗೂ ಇದನ್ನೇ ತಂದಿದ್ದೇವೆ. ಒಂದು ರಾಜ್ಯೋತ್ಸವಕ್ಕೆ ಊರಿನಿಂದ ಹಿರಿಯ ತಬಲಾ ವಾದಕರೊಬ್ಬರನ್ನು ಕರೆಸಿದ್ದೆವು. ಪೇಟ ತೊಟ್ಟು ಎರಡು ಗಂಟೆ ಸುಮ್ಮನೆ ಕೂತಿದ್ದರು. ಬೆರಳುಗಳು ಮಾತ್ರ ಕುರ್ಚಿಯ ಕೈಮೇಲೆ ತೀನ್‌ತಾಲದ ಠೇಕಾ ಹಿಡಿದೇ ಇದ್ದವು. ನಾನು ಎದುರಿಗೇ ಕೂತಿದ್ದೆ. ಇಂದಿಗೂ ಆ ಬೆರಳುಗಳು ಕಣ್ಣಿಗೆ ಕಟ್ಟಿವೆ.

ಜೊತೆಗೆ ಕೂತು ಹಾಡಿ, ನುಡಿಸಿ ಗೌರವಿಸುವುದು ನಮ್ಮ ಪರಂಪರೆಗೆ ಗೊತ್ತಿಲ್ಲದ್ದೇನಲ್ಲ, ಅದೇ ನನ್ನ ಸಂಕಟ. ಗಂಗೂಬಾಯಿ ಹಾನಗಲ್ಲರ ಜೊತೆ ಮಗಳು ಕೃಷ್ಣಾ ಕೂತು ದನಿಗೂಡಿಸುತ್ತಿದ್ದರಲ್ಲ, ಅದಕ್ಕಿಂತ ದೊಡ್ಡ ಗೌರವ ಯಾವ ಶಾಲಿನಲ್ಲಿದೆ? ನಾಗಸ್ವರದ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದಕ್ಕೆ ಮನಸೋತರು. ಮುಂದೆ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರೊಡನೆ 2008ರಲ್ಲಿ ಧ್ವನಿಮುದ್ರಿಕೆಯನ್ನೇ ತಂದರು. ವಯಸ್ಸು ಐವತ್ತರ ಮೇಲೆ ಹೋಗಿತ್ತು, ಕಿರಿಯನ ಎದುರು ಹೊಸದಾಗಿ ಮನೋಧರ್ಮ ಹೂಡುವ, ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವ ಉಮೇದು ಕುಂದಿರಲಿಲ್ಲ.

ಎಲ್ಲಿಸ್ ಅವರನ್ನು ನಾನು ಕಂಡದ್ದು ನ್ಯೂ ಆರ್ಲಿಯನ್ಸ್‌ನ ಫ್ರೆಂಚ್‌ಮೆನ್ ಸ್ಟ್ರೀಟಿನಲ್ಲಿರುವ ಸ್ನಗ್ ಹಾರ್ಬರ್ ಎಂಬ ಜಾಝ್ ಕ್ಲಬ್ಬಿನಲ್ಲಿ. ಸುಮಾರು ಮೂರು ದಶಕ ಶುಕ್ರವಾರದ ರಾತ್ರಿಗಳಲ್ಲಿ ಅಲ್ಲಿ ನುಡಿಸಿದವರು ಅವರು. ಟೆರೆನ್ಸ್ ಬ್ಲಾಂಚರ್ಡ್, ಹ್ಯಾರಿ ಕಾನಿಕ್ ಅಂಥ ಹೆಸರಾಂತ ಜಾಝ್ ಕಲಾವಿದರ ಗುರು. ಆದರೂ ಆ ಪುಟ್ಟ ಕೋಣೆಯಲ್ಲಿ ಯಾರೂ ಅವರ ಬಿರುದಾವಳಿ ಓದಲಿಲ್ಲ. ಬಂದರು, ಕೂತರು, ನುಡಿಸಿದರು. ಕತ್ರಿನಾ ಚಂಡಮಾರುತದಿಂದ ನಲುಗಿದ ಅಪ್ಪರ್ ನೈಂತ್ ವಾರ್ಡಿನಲ್ಲಿ 2011ರಲ್ಲಿ ಅವರ ಹೆಸರಿನ ಸಂಗೀತ ಕೇಂದ್ರ ತೆರೆಯಿತು. ಅಲ್ಲಿ ಆ ಬಡಾವಣೆಯ ಮಕ್ಕಳು ವಾದ್ಯ ಕಲಿಯುತ್ತಾರೆ. 2020ರ ಏಪ್ರಿಲ್ 1ರಂದು ಕೋವಿಡ್ ಅವರನ್ನು ಕೊಂಡೊಯ್ದಿತು.

ನಮ್ಮ ಸಂಘದ ಮುಂದಿನ ನವೆಂಬರಿಗೆ ನಾನು ಕೇಳಿಕೊಂಡಿರುವುದು ಇಷ್ಟೇ: ಭಾಷಣಗಳನ್ನು ಬಿಟ್ಟು ಹಿರಿಯರಿಗೆ ಪೂರಾ ಒಂದೂವರೆ ಗಂಟೆ ಕೊಡಿ. ಮಕ್ಕಳು, ಶಿಷ್ಯರು ಇದ್ದರೆ ಪಕ್ಕದಲ್ಲಿ ಕೂರಿಸಿ. ತಬಲಾ ಶ್ರುತಿ ಮಾಡಿಟ್ಟಿರಿ. ಶಾಲು ಆಮೇಲೆ ಹೊದಿಸೋಣ.